ಮರಿ ಹಾಕುವ ಮೀನು: ಕರಾವಳಿಯ ಕಿರುಶಾರ್ಕ್

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ರೈತರಿಗೆ ಮೀನು ಎಂದರೆ ಮೊದಲು ನೆನಪಾಗುವುದು ಘಟಪ್ರಭೆ. ಸಹ್ಯಾದ್ರಿಯಲ್ಲಿ ಸುಮಾರು 884 ಮೀಟರ್ ಎತ್ತರದಲ್ಲಿ ಹುಟ್ಟುವ ಈ ನದಿ ಹಿಡಕಲ್ ಜಲಾಶಯದಲ್ಲಿ ತಂಗಿ, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಕೆಳಕ್ಕೆ ಧುಮುಕಿ, ಪೂರ್ವಾಭಿಮುಖವಾಗಿ ಹರಿದು ಕೃಷ್ಣೆಯನ್ನು ಸೇರುತ್ತದೆ. ನದಿಯ ನೀರು ಪೂರ್ವಕ್ಕೆ ಹೋದರೂ ಈ ಭಾಗಕ್ಕೆ ಸಮುದ್ರದ ಮೀನು ಬರುವುದು ಪಶ್ಚಿಮದಿಂದ. ಘಟ್ಟದ ಕೆಳಗಿನ ಕಾರವಾರ, ಗೋವಾ, ಮಾಲವಣಗಳ ಕಡೆಯಿಂದ ಬೆಳಗಾವಿಯ ಪೇಟೆಗೆ ಬರುವ ಬುಟ್ಟಿಗಳಲ್ಲಿ ಬಂಗಡೆ, ತಾರ್ಲೆಗಳ ಜೊತೆಗೆ ಒಮ್ಮೊಮ್ಮೆ ಬೂದು ಬಣ್ಣದ, ಹುರುಪೆ ಕಾಣದ, ಮುಟ್ಟಿದರೆ ಮರಳು ಕಾಗದದಂತೆ ಒರಟಾದ ಚಿಕ್ಕ ಮೀನೊಂದು ಇರುತ್ತದೆ. ಕೊಂಕಣಿಯಲ್ಲಿ ಇಂಥ ಮೀನಿಗೆ ಮೋರಿ ಎಂದೂ, ಮರಾಠಿಯಲ್ಲಿ ಮುಶಿ ಎಂದೂ, ತುಳುವಿನಲ್ಲಿ ತಾಟೆ ಎಂದೂ ಕರೆಯುತ್ತಾರೆ. ಇವೆಲ್ಲ ಶಾರ್ಕ್ ಜಾತಿಗೆ ಸೇರಿದ ಮೀನುಗಳಿಗೆ ಬಳಕೆಯಲ್ಲಿರುವ ಸಾಮಾನ್ಯ ಹೆಸರುಗಳು.

ಈ ಗುಂಪಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೇರಳವಾಗಿ ಸಿಗುವ ಒಂದು ಕಿರುಶಾರ್ಕ್ ಇದೆ. ಇದರ ಶಾಸ್ತ್ರೀಯ ನಾಮ ಸ್ಕೋಲಿಯೊಡಾನ್ ಲ್ಯಾಟಿಕಾಡಸ್. ಸ್ಕೋಲಿಯೊಡಾನ್ ಎಂದರೆ ಓರೆ ಹಲ್ಲಿನದು, ಲ್ಯಾಟಿಕಾಡಸ್ ಎಂದರೆ ಅಗಲ ಬಾಲದ್ದು. ಇಂಗ್ಲಿಷಿನಲ್ಲಿ ಇದನ್ನು ಸ್ಪೇಡ್‌ನೋಸ್ ಶಾರ್ಕ್, ಅಂದರೆ ಸಲಿಕೆ ಮೂತಿಯ ಶಾರ್ಕ್ ಎನ್ನುತ್ತಾರೆ. 1838ರಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞರಾದ ಯೋಹಾನ್ನೆಸ್ ಮ್ಯೂಲರ್ ಮತ್ತು ಯಾಕೋಬ್ ಹೆನ್ಲೆ ಇದಕ್ಕೆ ಈ ಹೆಸರಿಟ್ಟರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಈ ಮೀನು ಹೊಸದಲ್ಲ. 1928ರಲ್ಲಿ ಇ. ಎಂ. ತಿಲ್ಲೈಯಂಪಲಂ ಅವರು ಇದರ ಅಂಗರಚನೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಆಮೇಲೆ ಹಲವು ದಶಕಗಳ ಕಾಲ ಭಾರತದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕೊಯ್ದು ಕಲಿತದ್ದು ಈ ಮೀನನ್ನೇ.

ಬಹಳ ಜನ ಕಂಡಿರುವ, ಆದರೆ ಕೆಲವರಷ್ಟೇ ತಿಳಿದಿರುವ ಈ ಮೀನಿನ ಒಂದು ಗುಣ ರೈತರು ಅವಶ್ಯವಾಗಿ ಅರಿಯಬೇಕಾದದ್ದು. ಇದು ಕೆರೆಯ ಗೆಂಡೆಯಂತೆ ಲಕ್ಷಗಟ್ಟಲೆ ತತ್ತಿ ಇಡುವುದಿಲ್ಲ. ಆಕಳು, ಎಮ್ಮೆಗಳಂತೆ ಮರಿಯನ್ನು ಗರ್ಭದಲ್ಲಿ ಹೊತ್ತು, ಹೊಕ್ಕುಳ ಬಳ್ಳಿಯ ಮೂಲಕ ಉಣಿಸಿ, ಎಣಿಕೆಯ ಮರಿಗಳನ್ನು ಹಾಕುತ್ತದೆ. ಆದ್ದರಿಂದ ಗೆಂಡೆಗೆ ಒಪ್ಪುವ ಹಿಡುವಳಿಯ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ.

ಯಾವುದು ಶಾರ್ಕ್, ಯಾವುದು ಅಲ್ಲ

ಕೃಷ್ಣಾ ಮತ್ತು ಅದರ ಉಪನದಿಗಳಲ್ಲಿ ಸಿಗುವ ಬಾಳೆ ಮೀನನ್ನು ಅದರ ದೊಡ್ಡ ಬಾಯಿ ಮತ್ತು ಹೊಟ್ಟೆಬಾಕತನದಿಂದಾಗಿ ಸಿಹಿನೀರಿನ ಶಾರ್ಕ್ ಎಂದು ಕರೆಯುವ ವಾಡಿಕೆ ಇದೆ. ಇದು ಹೆಸರಿಗೆ ಮಾತ್ರ ಶಾರ್ಕ್. ಬಾಯಿಯ ಬಳಿ ಉದ್ದನೆಯ ಮೀಸೆಗಳಿರುವ ಈ ಮೀನು ಮೀಸೆ ಮೀನುಗಳ ಗುಂಪಿಗೆ ಸೇರಿದೆ. ಅದರ ಅಸ್ಥಿಪಂಜರ ಗಟ್ಟಿ ಎಲುಬಿನದು, ಕಿವಿರಿನ ಮೇಲೆ ಮುಚ್ಚಳವಿದೆ ಮತ್ತು ಅದು ನೀರಿನಲ್ಲಿ ತತ್ತಿ ಇಡುತ್ತದೆ.

ನಿಜವಾದ ಶಾರ್ಕ್‌ನ ಮೈಯಲ್ಲಿ ಎಲುಬು ಇರುವುದಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಬಾಗುವ ಮೃದ್ವಸ್ಥಿಯಿಂದ ಅದರ ಪಂಜರ ರಚನೆಯಾಗಿದೆ. ಕಿವಿರಿಗೆ ಮುಚ್ಚಳವಿಲ್ಲ, ತಲೆಯ ಎರಡೂ ಬದಿಗೆ ಐದೈದು ಸೀಳುಗಳು ಹೊರಗೇ ಕಾಣುತ್ತವೆ. ಮೈಮೇಲೆ ದೊಡ್ಡ ಹುರುಪೆಗಳ ಬದಲು ಹಲ್ಲಿನ ರಚನೆಯನ್ನೇ ಹೋಲುವ ಅತಿ ಸಣ್ಣ ಮುಳ್ಳುಹುರುಪೆಗಳಿವೆ. ಆದ್ದರಿಂದಲೇ ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣುಪು, ಬಾಲದಿಂದ ತಲೆಯ ಕಡೆಗೆ ಆಡಿಸಿದರೆ ಒರಟು. ಗೆಂಡೆಯ ಹೊಟ್ಟೆಯಲ್ಲಿರುವ ಗಾಳಿಚೀಲ ಶಾರ್ಕ್‌ಗೆ ಇಲ್ಲ. ಅದರ ಬದಲು ಎಣ್ಣೆ ತುಂಬಿದ ದೊಡ್ಡ ಯಕೃತ್ತು ಮೈಯನ್ನು ಹಗುರ ಮಾಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ, ಎ ಜೀವಸತ್ವಕ್ಕಾಗಿ ಭಾರತದಲ್ಲಿ ಶಾರ್ಕ್ ಯಕೃತ್ತಿನ ಎಣ್ಣೆಯನ್ನು ತಯಾರಿಸತೊಡಗಿದ್ದು ಇದೇ ಕಾರಣದಿಂದ.

ಗುರುತಿಸುವ ಲಕ್ಷಣಗಳು

ಸಲಿಕೆ ಮೂತಿಯ ಕಿರುಶಾರ್ಕ್ ಅನ್ನು ಕೆಳಗಿನ ಲಕ್ಷಣಗಳಿಂದ ಗುರುತಿಸಬಹುದು.

1. ಮೂತಿ: ಉದ್ದವಾಗಿ, ಮೇಲಿನಿಂದ ಕೆಳಕ್ಕೆ ಒತ್ತಿದಂತೆ ಬಹಳ ಚಪ್ಪಟೆಯಾಗಿದೆ. ಮೇಲಿನಿಂದ ನೋಡಿದರೆ ಸಲಿಕೆಯ ಅಲಗಿನಂತೆ ಕಾಣುತ್ತದೆ. ಬಾಯಿ ಮೂತಿಯ ತುದಿಯಲ್ಲಿರದೆ ಅಡಿಭಾಗದಲ್ಲಿದೆ. ಕಣ್ಣುಗಳು ಚಿಕ್ಕವು.

2. ಹಲ್ಲು: ಬ್ಲೇಡಿನಂತೆ ತೆಳ್ಳಗೆ, ಓರೆಯಾಗಿವೆ. ಅಂಚಿನಲ್ಲಿ ಗರಗಸದಂಥ ಕಚ್ಚುಗಳಿಲ್ಲ.

3. ಬೆನ್ನಿನ ಈಜುರೆಕ್ಕೆಗಳು: ಎರಡು ಇವೆ. ಮೊದಲನೆಯದು ಬಹಳ ಹಿಂದಕ್ಕೆ ಸರಿದಿದೆ. ಅದು ಎದೆಯ ಈಜುರೆಕ್ಕೆಗಿಂತ ಹೊಟ್ಟೆಯ ಈಜುರೆಕ್ಕೆಗೇ ಹೆಚ್ಚು ಸಮೀಪ. ಎರಡನೆಯದು ತೀರ ಚಿಕ್ಕದು. ಅದರ ಕೆಳಗಿರುವ ಗುದದ ಈಜುರೆಕ್ಕೆ ಅದಕ್ಕಿಂತ ಎಷ್ಟೋ ದೊಡ್ಡದು.

4. ಎದೆಯ ಈಜುರೆಕ್ಕೆ: ಗಿಡ್ಡ, ಅಗಲ, ಮುಕ್ಕೋನಾಕಾರ.

5. ಬಣ್ಣ: ಮೇಲ್ಭಾಗ ಕಂಚಿನ ಛಾಯೆಯ ಬೂದು, ಹೊಟ್ಟೆ ಬಿಳಿ. ಚುಕ್ಕೆ, ಪಟ್ಟೆಗಳಿಲ್ಲ.

6. ಗಾತ್ರ: ಅತಿ ಹೆಚ್ಚೆಂದರೆ ಸುಮಾರು 74 ಸೆಂ.ಮೀ. ಪೇಟೆಗೆ ಬರುವ ಹೆಚ್ಚಿನ ಮೀನುಗಳು ಇದಕ್ಕಿಂತ ಬಹಳ ಚಿಕ್ಕವು.

7. ಗಂಡು, ಹೆಣ್ಣು: ಗಂಡಿನ ಹೊಟ್ಟೆಯ ಈಜುರೆಕ್ಕೆಗಳ ಒಳಬದಿಗೆ ಬೆರಳಿನಂಥ ಎರಡು ಅಂಗಗಳು ಜೋತಿರುತ್ತವೆ. ಹೆಣ್ಣಿಗೆ ಇವು ಇಲ್ಲ. ಕೂಡುವಿಕೆಯ ಕಾಲದಲ್ಲಿ ಗಂಡು ಈ ಅಂಗದ ಮೂಲಕ ವೀರ್ಯವನ್ನು ಹೆಣ್ಣಿನ ಶರೀರದೊಳಕ್ಕೆ ಸೇರಿಸುತ್ತದೆ.

ಈ ಲಕ್ಷಣಗಳಲ್ಲಿ ಮೂತಿ ಮತ್ತು ಮೊದಲ ಬೆನ್ನು ಈಜುರೆಕ್ಕೆಯ ಸ್ಥಾನ ಇವೆರಡು ಮುಖ್ಯ. ಏಕೆ ಮುಖ್ಯ ಎಂಬುದನ್ನು ಮುಂದೆ ನೋಡಬಹುದು.

ನೆಲೆ ಮತ್ತು ಆಹಾರ

ಶಾರ್ಕ್ ಎಂದೊಡನೆ ನಡುಸಮುದ್ರದ ದೊಡ್ಡ ಬೇಟೆಗಾರ ಮೀನು ಕಣ್ಣಮುಂದೆ ಬರುವುದು ಸಹಜ. ಈ ಕಿರುಶಾರ್ಕ್ ಹಾಗಲ್ಲ. ಇದು ದಡಕ್ಕೆ ಹತ್ತಿರವಿದ್ದು, ಸಾಮಾನ್ಯವಾಗಿ ಹತ್ತು ಹದಿಮೂರು ಮೀಟರಿಗಿಂತ ಹೆಚ್ಚು ಆಳವಿಲ್ಲದ ನೀರಿನಲ್ಲಿ ಗುಂಪುಗುಂಪಾಗಿ ವಾಸಿಸುತ್ತದೆ. ದೊಡ್ಡ ನದಿಗಳು ಸಮುದ್ರ ಸೇರುವ ಕಡೆಯ ರಾಡಿ ನೀರಿನಲ್ಲಿಯೂ ಕಂಡುಬರುತ್ತದೆ. ಆಳವಿಲ್ಲದ ಈ ನೀರಿನ ಪಟ್ಟಿಯೇ ಸಿಗಡಿಗೂ, ಸಣ್ಣ ಮೀನುಗಳ ಮರಿಗಳಿಗೂ ನೆಲೆ; ಮೀನುಗಾರರ ಬಲೆಗಳು ಅತಿ ಹೆಚ್ಚಾಗಿ ಓಡಾಡುವುದೂ ಇಲ್ಲಿಯೇ.

ಇದರ ಆಹಾರ ಚಿಕ್ಕ ಮೀನು, ಸಿಗಡಿ ಮತ್ತು ಕಪ್ಪೆಬೊಂಡಾಸ್ ಜಾತಿಯ ಮೃದ್ವಂಗಿಗಳು. ರಾಡಿ ನೀರಿನಲ್ಲಿ ಕಣ್ಣು ಹೆಚ್ಚು ಉಪಯೋಗಕ್ಕೆ ಬಾರದು. ಅದರ ಬದಲು ಮೂತಿಯ ಚರ್ಮದಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ. ಅವುಗಳೊಳಗೆ ಅಂಟುದ್ರವ ತುಂಬಿದ ನಾಳಗಳಿದ್ದು, ಬೇರೆ ಜೀವಿಗಳ ಸ್ನಾಯು ಮಿಡಿದಾಗ ನೀರಿನಲ್ಲಿ ಉಂಟಾಗುವ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಗ್ರಹಿಸುತ್ತವೆ. ಕೆಸರಿನಲ್ಲಿ ಅಡಗಿದ ಸಿಗಡಿಯನ್ನು ಶಾರ್ಕ್ ಪತ್ತೆ ಹಚ್ಚುವುದು ಹೀಗೆ. 1678ರಲ್ಲಿ ಇಟಲಿಯ ಸ್ಟೆಫಾನೊ ಲೊರೆಂಜಿನಿ ಇವನ್ನು ವರ್ಣಿಸಿದ್ದರಿಂದ ಇವುಗಳಿಗೆ ಲೊರೆಂಜಿನಿ ಕುಪ್ಪಿಗಳು ಎಂಬ ಹೆಸರು ಬಂದಿದೆ.

ಈ ಮೀನಿನಿಂದ ಮನುಷ್ಯನಿಗೆ ಯಾವ ಅಪಾಯವೂ ಇಲ್ಲ.

ಮೈಯಲ್ಲಿ ಯೂರಿಯಾ

ಶಾರ್ಕ್ ಮಾಂಸ ಸ್ವಲ್ಪ ಹಳತಾದರೂ ಮೂಗಿಗೆ ಬಡಿಯುವ ಘಾಟು ವಾಸನೆ ಬರುತ್ತದೆ. ಮೀನು ಮಾರುವವರು ಏನನ್ನೋ ಬೆರೆಸಿದ್ದಾರೆಂದು ಕೆಲವರು ಶಂಕಿಸುವುದುಂಟು. ಇದರ ಕಾರಣ ರೈತರಿಗೆ ಸುಲಭವಾಗಿ ತಿಳಿಯುವಂಥದು, ಅದು ಯೂರಿಯಾ.

ಸಮುದ್ರದ ನೀರು ಉಪ್ಪು. ಉಪ್ಪು ನೀರಿನಲ್ಲಿರುವ ಪ್ರಾಣಿಯ ಮೈಯಿಂದ ನೀರು ಹೊರಗೆ ಸೆಳೆಯಲ್ಪಡುತ್ತದೆ. ಚೌಳು ಭೂಮಿಯಲ್ಲಿ ನೀರಿದ್ದರೂ ಬೆಳೆ ಬಾಡುವುದು ಇದೇ ತತ್ವದಿಂದ. ಈ ಸೆಳೆತವನ್ನು ತಡೆಯಲು ಶಾರ್ಕ್ ತನ್ನ ಮೈಯಲ್ಲಿ ಉಂಟಾಗುವ ಯೂರಿಯಾವನ್ನು ಹೊರಹಾಕದೆ ರಕ್ತ ಮತ್ತು ಮಾಂಸದಲ್ಲಿ ಶೇ. 2ರ ಆಸುಪಾಸಿನಲ್ಲಿ ಉಳಿಸಿಕೊಳ್ಳುತ್ತದೆ. ಬೇರೆ ಪ್ರಾಣಿಗಳಿಗಾದರೆ ಇಷ್ಟು ಯೂರಿಯಾ ವಿಷವೇ ಸರಿ. ಶಾರ್ಕ್‌ನ ಮೈಯಲ್ಲಿ ಟ್ರೈಮಿಥೈಲ್ ಅಮೈನ್ ಆಕ್ಸೈಡ್ ಎಂಬ ಇನ್ನೊಂದು ವಸ್ತುವಿದ್ದು ಅದು ಯೂರಿಯಾದ ಕೆಡುಕನ್ನು ತಡೆಯುತ್ತದೆ.

ಮೀನು ಸತ್ತ ಮೇಲೆ ಸೂಕ್ಷ್ಮಜೀವಿಗಳು ಈ ಯೂರಿಯಾವನ್ನು ಒಡೆದು ಅಮೋನಿಯ ಅನಿಲವನ್ನಾಗಿ ಮಾಡುತ್ತವೆ. ಕಬ್ಬಿನ ಹೊಲದಲ್ಲಿ ಯೂರಿಯಾವನ್ನು ಮಣ್ಣಿನಲ್ಲಿ ಮುಚ್ಚದೆ ಮೇಲೆ ಎರಚಿದರೆ ಏನಾಗುತ್ತದೆಯೋ ಅದೇ ಕ್ರಿಯೆ ಇಲ್ಲಿಯೂ ನಡೆಯುತ್ತದೆ. ಹೊಲದಲ್ಲಿ ಅದು ರೈತನ ಹಣವನ್ನು ಗಾಳಿಗೆ ತೂರುತ್ತದೆ. ಮೀನಿನಲ್ಲಿ ಮಾಂಸವನ್ನು ಕೆಡಿಸುತ್ತದೆ. ಕರಾವಳಿಯ ಅಡುಗೆಯಲ್ಲಿ ಈ ಮೀನಿಗೆ ಹುಣಸೆ, ಮುರುಗಲ ಹುಳಿಗಳನ್ನು ಧಾರಾಳವಾಗಿ ಹಾಕುವುದರಲ್ಲಿ ಅರ್ಥವಿದೆ. ಅಮೋನಿಯ ಕ್ಷಾರಗುಣದ್ದು, ಹುಳಿ ಅದನ್ನು ಹಿಡಿದಿಡುತ್ತದೆ. ಆದರೆ ಹುಳಿ ವಾಸನೆಯನ್ನು ಅಡಗಿಸೀತೇ ಹೊರತು ಕೆಟ್ಟ ಮೀನನ್ನು ಒಳ್ಳೆಯದನ್ನಾಗಿ ಮಾಡದು. ಹಿಡಿದ ಕೂಡಲೇ ಕರುಳು ತೆಗೆದು, ರಕ್ತ ತೊಳೆದು, ಮಂಜುಗಡ್ಡೆಯಲ್ಲಿ ಇಟ್ಟ ಮೀನು ಮಾತ್ರ ಘಟ್ಟ ಹತ್ತಿ ಬರುವವರೆಗೆ ಚೆನ್ನಾಗಿ ಉಳಿಯುತ್ತದೆ. ಕೊಳ್ಳುವಾಗ ಘಾಟು ಬಡಿದರೆ ಕೊಳ್ಳದಿರುವುದೇ ಲೇಸು.

ಸಂತಾನೋತ್ಪತ್ತಿ

ಸಂತಾನೋತ್ಪತ್ತಿಯ ವಿಷಯದಲ್ಲಿ ಈ ಮೀನು ಪ್ರಪಂಚದ ಶಾರ್ಕ್‌ಗಳಲ್ಲೆಲ್ಲ ವಿಶೇಷವಾದದ್ದು.

ಬೀಜದ ಹೋಲಿಕೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಶೇಂಗಾ ಅಥವಾ ಗೋವಿನಜೋಳದ ಬೀಜ ದಪ್ಪ. ಮೊಳಕೆ ಮಣ್ಣಿನಿಂದ ಹೊರಬಂದು ಎಲೆ ಬಿಡುವವರೆಗೆ ಬೇಕಾದ ಆಹಾರ ಅದರೊಳಗೇ ಇರುತ್ತದೆ. ನೇರವಾಗಿ ಹೊಲದಲ್ಲಿ ಬಿತ್ತಬಹುದು. ನಿಪ್ಪಾಣಿ ಭಾಗದಲ್ಲಿ ಬೆಳೆಯುವ ತಂಬಾಕಿನ ಬೀಜ ಹಾಗಲ್ಲ. ಒಂದು ಗ್ರಾಮಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜಗಳು ಹಿಡಿಯುತ್ತವೆ. ಅದರಲ್ಲಿ ಆಹಾರದ ಗಂಟು ಇಲ್ಲದ ಕಾರಣ ಸಸಿಮಡಿ ಮಾಡಿ, ಹದವಾಗಿ ನೀರುಣಿಸಿ ಜೋಪಾನ ಮಾಡಲೇಬೇಕು.

ಹೆಚ್ಚಿನ ಶಾರ್ಕ್‌ಗಳ ತತ್ತಿ ಶೇಂಗಾದ ಬೀಜದ ರೀತಿಯದು. ಅದು ದೊಡ್ಡದಾಗಿದ್ದು ಹಳದಿ ಆಹಾರ ತುಂಬಿರುತ್ತದೆ. ಭ್ರೂಣ ಮೊದಲ ಕೆಲವು ತಿಂಗಳು ಅದನ್ನೇ ಉಂಡು ಬೆಳೆಯುತ್ತದೆ. ಕಿರುಶಾರ್ಕ್‌ನ ತತ್ತಿಯಾದರೋ ತಂಬಾಕಿನ ಬೀಜದಂತೆ. ಅದರ ಗಾತ್ರ ಸುಮಾರು 1 ಮಿ.ಮೀ., ಅಂದರೆ ಒಂದು ಗಸಗಸೆ ಕಾಳಿನಷ್ಟು. ತಿಳಿದಿರುವ ಶಾರ್ಕ್‌ಗಳಲ್ಲಿ ಇಷ್ಟು ಚಿಕ್ಕ ತತ್ತಿ ಬೇರೆ ಯಾವುದಕ್ಕೂ ಇಲ್ಲ. ಕಾಟ್ಲಾ ಮೀನಿನ ತತ್ತಿ ಕೂಡ ನೀರು ಹೀರಿ ಉಬ್ಬಿದಾಗ 4ರಿಂದ 5 ಮಿ.ಮೀ. ಇರುತ್ತದೆ. ಕಿರುಶಾರ್ಕ್‌ನ ತತ್ತಿಯಲ್ಲಿ ಭ್ರೂಣಕ್ಕೆ ಸಾಕಾಗುವ ಆಹಾರವಿಲ್ಲದ ಕಾರಣ ತಾಯಿಯ ಗರ್ಭಕೋಶವೇ ಸಸಿಮಡಿಯಾಗಬೇಕಾಗುತ್ತದೆ.

ಭ್ರೂಣವು ಇನ್ನೂ ಕೆಲವೇ ಮಿ.ಮೀ. ಉದ್ದವಿರುವಾಗಲೇ ಗರ್ಭಕೋಶದ ಗೋಡೆಗೆ ಅಂಟಿಕೊಂಡು ಅಲ್ಲಿ ಮಾಸು ಬೆಳೆಯುತ್ತದೆ. ಆಕಳು ಕರು ಹಾಕಿದ ಮೇಲೆ ಬೀಳುವ ಮಾಸನ್ನು ರೈತರೆಲ್ಲರೂ ಕಂಡಿದ್ದಾರೆ. ಮೂಲ ಬೇರೆಯಾದರೂ ಅದರ ಕೆಲಸವನ್ನೇ ಇದೂ ಮಾಡುತ್ತದೆ. ಮಾಸಿನಿಂದ ಮರಿಯವರೆಗೆ ಹೊಕ್ಕುಳ ಬಳ್ಳಿ ಇದ್ದು, ಆ ಬಳ್ಳಿಯ ಮೇಲೆ ಬೇರಿನ ಕೂದಲುಗಳಂತೆ ನವಿರಾದ ಎಳೆಗಳಿರುತ್ತವೆ. ತಾಯಿಯ ಆಹಾರಾಂಶ ಹೀಗೆ ಮರಿಗೆ ತಲುಪುತ್ತದೆ. ಮೀನಿನಲ್ಲಿ ಮಾಸು ಇರಬಹುದೆಂಬ ಸಂಗತಿಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸ್ ದೇಶದ ಅರಿಸ್ಟಾಟಲ್ ಒಂದು ಬೇರೆ ಜಾತಿಯ ಶಾರ್ಕ್ ನೋಡಿ ಬರೆದಿದ್ದ. ಎರಡು ಸಾವಿರ ವರ್ಷಗಳ ಕಾಲ ಅದನ್ನು ನಂಬಿದವರು ಕಡಿಮೆ. 1842ರಲ್ಲಿ ಅದು ನಿಜವೆಂದು ವಿವರವಾಗಿ ತೋರಿಸಿಕೊಟ್ಟವರು ನಮ್ಮ ಕಿರುಶಾರ್ಕ್‌ಗೆ ಹೆಸರಿಟ್ಟ ಇಬ್ಬರಲ್ಲಿ ಒಬ್ಬರಾದ ಮ್ಯೂಲರ್ ಅವರೇ.

ಕಿರುಶಾರ್ಕ್‌ನ ಗರ್ಭಾವಧಿ 5ರಿಂದ 6 ತಿಂಗಳು. ಒಂದು ಬಾರಿಗೆ 1ರಿಂದ 18ರವರೆಗೆ ಮರಿಗಳು. ತಾಯಿ ದೊಡ್ಡದಾದಷ್ಟೂ ಮರಿಗಳ ಸಂಖ್ಯೆ ಹೆಚ್ಚು. ಹುಟ್ಟುವ ಮರಿ 12ರಿಂದ 15 ಸೆಂ.ಮೀ. ಇದ್ದು, ತಾಯಿಯ ಉದ್ದದ ಮೂರನೆಯ ಒಂದು ಪಾಲಿಗಿಂತ ಹೆಚ್ಚಿರುವುದುಂಟು. ಹುಟ್ಟಿದ ಗಳಿಗೆಯಿಂದಲೇ ಅದು ಸ್ವತಂತ್ರವಾಗಿ ಈಜಿ ಬೇಟೆಯಾಡುತ್ತದೆ. ಹೆಣ್ಣು ಸುಮಾರು 33ರಿಂದ 35 ಸೆಂ.ಮೀ. ಉದ್ದವಾದಾಗ, ಅಂದರೆ ಒಂದರಿಂದ ಎರಡು ವರ್ಷದ ವಯಸ್ಸಿನಲ್ಲಿ ಬೆದೆಗೆ ಬರುತ್ತದೆ. ಇದರ ಆಯುಸ್ಸು ಐದಾರು ವರ್ಷ. ಮರಿ ಹಾಕಲು ಗೊತ್ತಾದ ಋತುವಿಲ್ಲ. ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಗರ್ಭಿಣಿ ಮೀನುಗಳು ಸಿಗುತ್ತವೆ.

ಗೆಂಡೆ ಮತ್ತು ಕಿರುಶಾರ್ಕ್: ಒಂದು ಲೆಕ್ಕ

ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಸಾಕುವ ರೈತರು ಮೀನುಮರಿಗಳನ್ನು ಸಾವಿರದ ಲೆಕ್ಕದಲ್ಲಿ ತರುತ್ತಾರೆ. ಈ ಜಾತಿಯ ಹೆಣ್ಣು ಮೀನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ತತ್ತಿ ಕೊಡುತ್ತದೆ. ಎರಡು ಕಿಲೋ ತೂಕದ ಒಂದೇ ತಾಯಿಯಿಂದ ಒಂದು ಮಳೆಗಾಲದಲ್ಲಿ ಎರಡು ಲಕ್ಷ ತತ್ತಿ ಎಂದು ಹಿಡಿಯಬಹುದು. ಇವುಗಳಲ್ಲಿ ಬಹುಪಾಲು ನಾಶವಾದರೂ ಕೆಲವು ಉಳಿದರೆ ಸಂತತಿ ಮುಂದುವರಿಯುತ್ತದೆ. ಒಂದು ವರ್ಷ ಹಿಡುವಳಿ ಹೆಚ್ಚಾದರೂ ಮುಂದಿನ ವರ್ಷ ಮಳೆ ಚೆನ್ನಾಗಿ ಆಗಿ ಒಂದಿಷ್ಟು ತಾಯಿಮೀನು ಉಳಿದಿದ್ದರೆ ನಷ್ಟ ತುಂಬಿಬರಬಹುದು.

ಈಗ ಕಿರುಶಾರ್ಕ್‌ನ ಲೆಕ್ಕ ನೋಡೋಣ. ಒಂದು ಹೆಣ್ಣು ವರ್ಷಕ್ಕೊಮ್ಮೆ ಸರಾಸರಿ ಹತ್ತು ಮರಿ ಹಾಕುತ್ತದೆ ಎಂದೂ, ನಾಲ್ಕು ವರ್ಷ ಮರಿ ಹಾಕುತ್ತದೆ ಎಂದೂ ಲೆಕ್ಕಕ್ಕಾಗಿ ಹಿಡಿಯೋಣ. ಜೀವಮಾನದಲ್ಲಿ ಒಟ್ಟು ನಲವತ್ತು ಮರಿ. ಅವುಗಳಲ್ಲಿ ಹೆಣ್ಣು ಇಪ್ಪತ್ತು. ಈ ಇಪ್ಪತ್ತರಲ್ಲಿ ಒಂದಾದರೂ ಬದುಕಿ, ಬೆಳೆದು, ತಾಯಿಯಷ್ಟೇ ಸಲ ಮರಿ ಹಾಕಿದರೆ ಮಾತ್ರ ಸಂತತಿ ಇದ್ದಷ್ಟೇ ಉಳಿಯುತ್ತದೆ. ಮೊದಲ ಸೂಲಿಗೆ ಮುಂಚೆಯೇ ಎಲ್ಲ ಮರಿಗಳೂ ಬಲೆಗೆ ಬಿದ್ದರೆ ಮುಂದಿನ ವರ್ಷದ ಮಳೆ ಎಷ್ಟೇ ಚೆನ್ನಾಗಿ ಆದರೂ ಆ ಕೊರತೆ ತುಂಬುವುದಿಲ್ಲ. ಗರ್ಭಿಣಿ ಮೀನೊಂದನ್ನು ಹಿಡಿದರೆ ಅದರೊಡನೆ ಹೊಟ್ಟೆಯೊಳಗಿನ ಹತ್ತು ಹದಿನೈದು ಮರಿಗಳೂ ಹೋಗುತ್ತವೆ.

ಗೆಂಡೆಯ ಸಂತತಿಯನ್ನು ಬಿತ್ತನೆಯ ಬೆಳೆಯಂತೆ ನೋಡಬಹುದು. ಶಾರ್ಕ್‌ನ ಸಂತತಿಯನ್ನು ದನದ ಹಿಂಡಿನಂತೆಯೇ ನೋಡಬೇಕು. ಹಿಂಡಿನಲ್ಲಿ ಕಡಸುಗಳನ್ನು ಮಾರುತ್ತ ಹೋದರೆ ಹಾಲಿನ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ಅಪಾಯ ಎಲ್ಲಿದೆ?

ಶಾರ್ಕ್‌ಗಳ ಪೈಕಿ ಈ ಕಿರುಶಾರ್ಕ್ ಬೇಗ ಬೆಳೆದು ಬೇಗ ಮರಿ ಹಾಕುವಂಥದು. ಶೀತ ಸಮುದ್ರಗಳ ಮುಳ್ಳುನಾಯಿಮೀನು ಎಂಬ ಚಿಕ್ಕ ಶಾರ್ಕ್‌ಗೆ ಗರ್ಭಾವಧಿಯೇ 22ರಿಂದ 24 ತಿಂಗಳು. ದೊಡ್ಡ ಜಾತಿಗಳು ಬೆದೆಗೆ ಬರಲು ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚು ಬೇಕಾಗುವುದುಂಟು. ಅದರಿಂದಾಗಿಯೇ ಹಿಡುವಳಿ ಹೆಚ್ಚಿದಾಗ ದೊಡ್ಡ ಶಾರ್ಕ್‌ಗಳು ಮೊದಲು ಕಡಿಮೆಯಾಗುತ್ತವೆ, ಕಿರುಶಾರ್ಕ್ ಇನ್ನೂ ಬುಟ್ಟಿಯಲ್ಲಿ ಕಾಣುತ್ತಿರುತ್ತದೆ. ನೋಡುವವರಿಗೆ ಶಾರ್ಕ್ ಬೇಕಾದಷ್ಟಿದೆ ಎಂಬ ಭ್ರಮೆ ಉಂಟಾಗುತ್ತದೆ.

ಈ ಭ್ರಮೆಗೆ ಇನ್ನೊಂದು ಕಾರಣವೂ ಇದೆ. ಬುಟ್ಟಿಯಲ್ಲಿರುವ ಚಿಕ್ಕ ಶಾರ್ಕ್‌ಗಳೆಲ್ಲ ಒಂದೇ ಜಾತಿಯವಲ್ಲ. ಸುತ್ತಿಗೆ ತಲೆಯ ಶಾರ್ಕ್‌ನ ಒಂದು ಸಾಮಾನ್ಯ ಜಾತಿಯ ಮರಿ ಹುಟ್ಟುವಾಗಲೇ ಸುಮಾರು 40ರಿಂದ 55 ಸೆಂ.ಮೀ. ಇರುತ್ತದೆ. ಬೆಳೆದಾಗ ಅದು ಮೂರು ಮೀಟರಿಗೂ ಮೇಲ್ಪಟ್ಟ ಮೀನು. ಅಂದರೆ ಬೆಳೆದ ಕಿರುಶಾರ್ಕ್ ಮತ್ತು ದೊಡ್ಡ ಜಾತಿಯ ಹಸುಗೂಸು ಎರಡೂ ಬುಟ್ಟಿಯಲ್ಲಿ ಒಂದೇ ಅಳತೆಯವಾಗಿ ಕಾಣುತ್ತವೆ. ಮೊದಲನೆಯದು ಒಂದೆರಡು ಸಲ ಮರಿ ಹಾಕಿ ಮುಗಿಸಿರಬಹುದು. ಎರಡನೆಯದು ಇನ್ನೂ ಬದುಕನ್ನೇ ಆರಂಭಿಸಿಲ್ಲ. ಮೂತಿ ಮತ್ತು ಬೆನ್ನಿನ ಈಜುರೆಕ್ಕೆಯನ್ನು ನೋಡಿ ಜಾತಿ ಗುರುತಿಸುವುದು ಮುಖ್ಯ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಸಲಿಕೆಯಂತೆ ಚಪ್ಪಟೆಯಾದ ಮೂತಿ, ಹಿಂದಕ್ಕೆ ಸರಿದ ಬೆನ್ನು ಈಜುರೆಕ್ಕೆ ಇದ್ದರೆ ಅದು ಕಿರುಶಾರ್ಕ್. ಬೆನ್ನು ಈಜುರೆಕ್ಕೆ ಎತ್ತರವಾಗಿ, ಎದೆಯ ಈಜುರೆಕ್ಕೆಯ ಸಮೀಪವೇ ಇದ್ದರೆ ಅದು ಬಹುಶಃ ಬೇರೆ ಜಾತಿಯದು, ಅನೇಕ ವೇಳೆ ದೊಡ್ಡ ಶಾರ್ಕ್‌ನ ಮರಿ.

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದಲ್ಲಿ ತತ್ತಿ ಇಡುವ ಮೀನುಗಳಿಗೆ ಇದರಿಂದ ಬಹಳ ಉಪಕಾರವಾಗುತ್ತದೆ. ಆದರೆ ವರ್ಷವಿಡೀ ಗರ್ಭ ಹೊರುವ ಕಿರುಶಾರ್ಕ್‌ಗೆ ಎರಡು ತಿಂಗಳ ಬಿಡುವು ಸಾಲದು. ಉಳಿದ ಹತ್ತು ತಿಂಗಳಲ್ಲಿ ಸಣ್ಣ ಕಣ್ಣಿನ ಬಲೆಗಳು ದಡದ ಸಮೀಪ ಓಡಾಡುವುದು ಕಡಿಮೆಯಾದರೆ ಮಾತ್ರ ಮರಿಗಳು ಉಳಿಯುತ್ತವೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2020ರ ಮೌಲ್ಯಮಾಪನದಲ್ಲಿ ಈ ಕಿರುಶಾರ್ಕ್ ಅನ್ನು ಅಪಾಯದ ಅಂಚಿಗೆ ಸಮೀಪಿಸಿದ ಜೀವಿಗಳ ವರ್ಗದಲ್ಲಿ ಸೇರಿಸಿತು. ಇದು ಸೇರಿರುವ ಕುಟುಂಬದ ಎಲ್ಲ ಶಾರ್ಕ್‌ಗಳ ಹೊರದೇಶ ವ್ಯಾಪಾರವನ್ನು ನಿಯಂತ್ರಿಸುವ ನಿರ್ಣಯ ನವೆಂಬರ್ 2022ರಲ್ಲಿ ಪನಾಮದಲ್ಲಿ ನಡೆದ ಸೈಟಿಸ್ ಒಪ್ಪಂದದ ಸಭೆಯಲ್ಲಿ ಅಂಗೀಕಾರವಾಗಿ, 2023ರ ನವೆಂಬರ್ 25ರಿಂದ ಜಾರಿಗೆ ಬಂದಿದೆ. ಭಾರತವು 2015ರಲ್ಲಿಯೇ ಶಾರ್ಕ್ ಈಜುರೆಕ್ಕೆಗಳ ರಫ್ತನ್ನು ನಿಷೇಧಿಸಿತ್ತು.

ಒಳನಾಡಿನ ರೈತರು ಮಾಡಬಹುದಾದದ್ದು

ಸಮುದ್ರದಿಂದ ಇಷ್ಟು ದೂರವಿರುವವರಿಗೆ ಇದರ ಗೊಡವೆ ಏಕೆ ಎಂದು ಕೇಳಬಹುದು. ಬಲೆ ಬೀಸುವವರು ಕರಾವಳಿಯವರಾದರೂ, ಬಲೆಗೆ ಬಿದ್ದದ್ದಕ್ಕೆ ಬೆಲೆ ಕಟ್ಟುವವರು ಘಟ್ಟದ ಮೇಲಿನವರೂ ಹೌದು. ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಅಳತೆ: ಸಲಿಕೆ ಮೂತಿಯ ಶಾರ್ಕ್ ಕೊಳ್ಳುವಾಗ ಒಂದೂವರೆ ಗೇಣಿಗಿಂತ ಚಿಕ್ಕದನ್ನು ಕೊಳ್ಳಬಾರದು. ಒಂದೂವರೆ ಗೇಣು ಎಂದರೆ ಸುಮಾರು 34 ಸೆಂ.ಮೀ.; ಹೆಣ್ಣು ಬೆದೆಗೆ ಬರುವ ಅಳತೆಯೂ ಅಷ್ಟೇ. ಕೈಯೊಂದಿದ್ದರೆ ಸಾಕು, ಬೇರೆ ಅಳತೆಗೋಲು ಬೇಡ.

2. ಜಾತಿ: ಸಲಿಕೆ ಮೂತಿ ಇಲ್ಲದ ಚಿಕ್ಕ ಶಾರ್ಕ್ ಮತ್ತು ಸುತ್ತಿಗೆ ತಲೆಯ ಮರಿಗಳನ್ನು ಎಷ್ಟೇ ಅಗ್ಗವಾದರೂ ಬಿಡುವುದು ಒಳ್ಳೆಯದು.

3. ಆರೋಗ್ಯ: ದೊಡ್ಡ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ಶಾರ್ಕ್ ಬದಲು ತಾರ್ಲೆ, ಬಂಗಡೆ ಅಥವಾ ಹೊಂಡದ ಗೆಂಡೆಯನ್ನು ತಿನ್ನುವುದು ಮೇಲು.

4. ಕೋಳಿ ಆಹಾರ: ಕೋಳಿ ಸಾಕುವವರು ಬಳಸುವ ಒಣ ಮೀನಿನ ಪುಡಿಯಲ್ಲಿ ಸಣ್ಣ ಕಣ್ಣಿನ ಬಲೆಗೆ ಬಿದ್ದ ಮೀನುಮರಿಗಳ ಪಾಲು ಇರುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಸೋಯಾ ಅವರೆ ಧಾರಾಳವಾಗಿ ಬೆಳೆಯುತ್ತದೆ. ಎಣ್ಣೆ ತೆಗೆದ ಸೋಯಾ ಹಿಂಡಿಯಿಂದ ಸಸಾರಜನಕದ ಹೆಚ್ಚಿನ ಪಾಲನ್ನು ಒದಗಿಸಬಹುದು. ಪಶುವೈದ್ಯರ ಸಲಹೆಯಂತೆ ಮೀನಿನ ಪುಡಿಯ ಪ್ರಮಾಣವನ್ನು ಇಳಿಸುವುದು ಸಾಧ್ಯ.

5. ಹೊಂಡದ ಮೀನು: ಮನೆಯ ಅವಶ್ಯಕತೆಗೆ ಕೃಷಿ ಹೊಂಡದಲ್ಲಿಯೇ ಕಾಟ್ಲಾ, ರೋಹು, ಮೃಗಾಲ ಸಾಕಿಕೊಂಡರೆ ಖರ್ಚು ಕಡಿಮೆ. ಹೀಗೆ ಸಾಕಿದ ಒಂದೊಂದು ಕಿಲೋ ಗೆಂಡೆಯೂ ಸಮುದ್ರದ ಮೇಲಿನ ಒತ್ತಡವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ. ಮರಿ ಬಿಡುವ ಮುನ್ನ ಹೊಂಡದಲ್ಲಿ ಬಾಳೆ ಮೀನು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಅದು ಶಾರ್ಕ್ ಅಲ್ಲದಿದ್ದರೂ ಗೆಂಡೆಯ ಮರಿಗಳಿಗೆ ಶಾರ್ಕ್‌ನಂತೆಯೇ.

ವಿಸ್ತರಣಾ ಕಾರ್ಯಕರ್ತರು ಮೀನು ಸಾಕಣೆಯ ತರಬೇತಿಯಲ್ಲಿ ಗೆಂಡೆ ಮತ್ತು ಕಿರುಶಾರ್ಕ್‌ಗಳ ಈ ಹೋಲಿಕೆಯನ್ನು ಬಳಸಿಕೊಳ್ಳಬಹುದು. ಒಂದು ತಟ್ಟೆಯಲ್ಲಿ ಎರಡು ಹಿಡಿ ಗಸಗಸೆ, ಇನ್ನೊಂದರಲ್ಲಿ ನಲವತ್ತು ಶೇಂಗಾ ಕಾಳು ಇಟ್ಟು, ಮೊದಲನೆಯದು ಗೆಂಡೆಯ ಒಂದು ವರ್ಷದ ತತ್ತಿ, ಎರಡನೆಯದು ಶಾರ್ಕ್‌ನ ಜೀವಮಾನದ ಮರಿ ಎಂದು ತೋರಿಸಿದರೆ ಉಳಿದ ಮಾತು ತಾನಾಗಿ ಅರ್ಥವಾಗುತ್ತದೆ. ಹೆಚ್ಚಿನ ಮಾಹಿತಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನು ಸಂಪರ್ಕಿಸಬಹುದು. 1969ರಲ್ಲಿ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿ ಆರಂಭವಾದ ಈ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸಮುದ್ರ ಮೀನುಗಳ ಹಿಡುವಳಿಯ ಅಂಕಿಅಂಶಗಳನ್ನು 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಂಗ್ರಹಿಸುತ್ತದೆ. ಅದರ ಕೇಂದ್ರಗಳು ಮಂಗಳೂರು ಮತ್ತು ಕಾರವಾರಗಳಲ್ಲಿವೆ.

ಒಟ್ಟಿನಲ್ಲಿ, ಮೀನೆಂದರೆ ಎಲ್ಲವೂ ಒಂದೇ ಎಂಬ ಭಾವನೆ ಸರಿಯಲ್ಲ. ಒಂದು ಜಾತಿ ಬೀಜ ಚೆಲ್ಲಿ ಬದುಕುತ್ತದೆ, ಇನ್ನೊಂದು ಗರ್ಭ ಹೊತ್ತು ಬದುಕುತ್ತದೆ. ಬೀಜ ಚೆಲ್ಲುವುದರ ಸುಗ್ಗಿಯನ್ನು ಧಾರಾಳವಾಗಿ ಮಾಡಬಹುದು. ಗರ್ಭ ಹೊರುವುದನ್ನು ಬಳಸುವಾಗ ಕಡಸನ್ನು ಉಳಿಸಿಕೊಳ್ಳಬೇಕು. ಕರಾವಳಿಯ ಕಿರುಶಾರ್ಕ್ ಎರಡನೆಯ ವರ್ಗದ್ದೆಂಬುದನ್ನು ನೆನಪಿಟ್ಟುಕೊಂಡರೆ, ಪೇಟೆಯಲ್ಲಿ ಬುಟ್ಟಿಯ ಮುಂದೆ ನಿಂತಾಗ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ರೈತಬಾಂಧವರಿಗೆ ತಿಳಿಯುತ್ತದೆ.